ಸದ್ಯಕ್ಕೆಂದು ಕೊಳ್ಳುವ ಅಗ್ಗದ ಲ್ಯಾಪ್‌ಟಾಪು

ಪ್ರತಿ ವರುಷವೂ ಹತ್ತನೆಯ ತರಗತಿಯ ಫಲಿತಾಂಶವು ಪ್ರಕಟವಾದ ಮೇಲೆ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ತಾಯಿತಂದೆಗಳು ನಮ್ಮನ್ನು ಕೇಳುವ ಪ್ರಶ್ನೆಯೊಂದುಂಟು: “ಮೇಡಂ, ಮಗಳಿಗೆ ಸದ್ಯಕ್ಕೆ ಒಂದು ಅಗ್ಗದ ಲ್ಯಾಪ್‌ಟಾಪು ಕೊಡಿಸಿದರೆ ಸಾಲದೇ? ಒಳ್ಳೆಯದನ್ನು ಮುಂದೆ ನೋಡಿದರಾಯಿತು.” ಹೀಗೆ ಕೇಳುವವರಲ್ಲಿ ರೇಷ್ಮೆಯ ಸೀರೆ ನೇಯುವವರೂ, ಶೇಂಗಾ ಬೆಳೆಯುವವರೂ, ಎಣ್ಣೆ ಗಿರಣಿಗಳಲ್ಲಿ ದುಡಿಯುವವರೂ ಇದ್ದಾರೆ. ಅವರು ಕೂಡಿಟ್ಟ ಹದಿನೈದು ಸಾವಿರ ರೂಪಾಯಿಯು ವ್ಯರ್ಥವಾದರೆ ಮತ್ತೊಮ್ಮೆ ಕೂಡುವುದು ಸುಲಭವಲ್ಲ. ಆದುದರಿಂದ ಈ ಪ್ರಶ್ನೆಗೆ ತಕ್ಕ ಉತ್ತರವನ್ನು ಇಲ್ಲಿ ವಿವರಿಸಲು ಬಯಸುತ್ತೇವೆ.

ನಾವೂ ಒಮ್ಮೆ ಎಡವಿದವರೇ. ಪರೀಕ್ಷಾ ನೋಂದಣಿಯ ಕೊನೆಯ ದಿವಸವು ಸಮೀಪಿಸಿದಾಗ ಕಛೇರಿಯ ಗಣಕಯಂತ್ರವು ಕೆಟ್ಟು ನಿಂತಿತು. ಅಂಗಡಿಯಲ್ಲಿ ಎಲ್ಲಕ್ಕಿಂತ ಕಡಿಮೆ ಬೆಲೆಗೆ ದೊರೆತ ಹೊಸ ಲ್ಯಾಪ್‌ಟಾಪನ್ನು ಎರಡು ತಿಂಗಳ ಮಟ್ಟಿಗೆಂದು ಕೊಂಡೆವು. ನೋಂದಣಿಯೇನೋ ಮುಗಿಯಿತು. ಆದರೆ ಅದರ 32 ಜಿ.ಬಿ. ಸಂಗ್ರಹದ ಬಹುಪಾಲನ್ನು ವಿಂಡೋಸೇ ಆಕ್ರಮಿಸಿತ್ತು. ಹೊಸ ಅಪ್‌ಡೇಟುಗಳಿಗೆ ಎಡೆಯೇ ಉಳಿಯಲಿಲ್ಲ. ದೊಡ್ಡ ಡಿಸ್ಕನ್ನು ಹಾಕಿಸೋಣವೆಂದರೆ, ಸಂಗ್ರಹವು ಒಳಗಿನ ಬೋರ್ಡಿಗೇ ಬೆಸೆದಿತ್ತು. ಇಷ್ಟರಲ್ಲಿ ಒಳ್ಳೆಯ ಯಂತ್ರಕ್ಕೆಂದು ಇಟ್ಟಿದ್ದ ಹಣವು ಬೇರೆ ಖರ್ಚಿಗೆ ಹೋಯಿತು. ಎರಡು ತಿಂಗಳಿಗೆಂದು ಬಂದದ್ದು ಮೂರು ವರುಷ ನಮ್ಮ ಮೇಜಿನ ಮೇಲೆ ಕುಳಿತಿತು. ತಪ್ಪು ಯಂತ್ರದ್ದಲ್ಲ, ಯಾವ ಕೆಲಸಕ್ಕೆ, ಎಷ್ಟು ಕಾಲಕ್ಕೆ, ಆ ಮೇಲೆ ಏನು ಎಂದು ಮೊದಲೇ ಕೇಳಿಕೊಳ್ಳದ ನಮ್ಮದು.

ಮೊದಲನೆಯದಾಗಿ, ಕೊಳ್ಳುವ ಅಗತ್ಯವುಂಟೇ ಎಂದು ವಿಚಾರಿಸತಕ್ಕದ್ದು. ಮನೆಯಲ್ಲಿ ನಿಧಾನವಾದ ಹಳೆಯ ಲ್ಯಾಪ್‌ಟಾಪು ಇದ್ದರೆ, ಅದರ ಹಾರ್ಡ್ ಡಿಸ್ಕನ್ನು ತೆಗೆದು ಎಸ್.ಎಸ್.ಡಿ. ಹಾಕಿಸಿ, ಸಾಧ್ಯವಾದರೆ ರ್‍ಯಾಮನ್ನು ಹೆಚ್ಚಿಸಿದಲ್ಲಿ ಅನೇಕ ವೇಳೆ ಅದಕ್ಕೆ ಮರುಜೀವ ಬರುತ್ತದೆ. ಬರೆಹದ ಕೆಲಸ ಮಾತ್ರವಾದರೆ ಮೊಬೈಲಿಗೆ ಒಂದು ಕೀಬೋರ್ಡನ್ನು ಜೋಡಿಸಿಕೊಂಡು ಕೆಲವು ತಿಂಗಳು ನಿರ್ವಹಿಸಬಹುದು.

ಎರಡನೆಯದಾಗಿ, ಕೆಲಸಕ್ಕೆ ತಕ್ಕ ಯಂತ್ರವನ್ನು ಆರಿಸತಕ್ಕದ್ದು. 2023ರಲ್ಲಿ 16,499 ರೂಪಾಯಿಗೆ ಮಾರಾಟಕ್ಕೆ ಬಂದ ಜಿಯೋಬುಕ್ಕಿನಲ್ಲಿ 4 ಜಿ.ಬಿ. ರ್‍ಯಾಮ್, 64 ಜಿ.ಬಿ. ಸಂಗ್ರಹ ಇದ್ದವು. ಪಾಠಗಳನ್ನು ನೋಡುವುದಕ್ಕೂ ಟಿಪ್ಪಣಿ ಬರೆಯುವುದಕ್ಕೂ ಅಂಥಾದ್ದು ಸಾಕು. ಆದರೆ ವಿಂಡೋಸಿಗಾಗಿ ರಚಿಸಿದ ತಂತ್ರಾಂಶಗಳು ಅದರಲ್ಲಿ ನಡೆಯವು. ಆದಕಾರಣ ಕಾಲೇಜಿನಲ್ಲಿ ಯಾವ ತಂತ್ರಾಂಶ ಬೇಕೆಂಬುದನ್ನು ಮೊದಲು ಕೇಳಿ ತಿಳಿಯಬೇಕು. ಕಂಪೆನಿಗಳು ಬಳಸಿ ಬಿಟ್ಟು, ದುರಸ್ತಿಯಾಗಿ ಮಾರಾಟಕ್ಕೆ ಬರುವ ಲ್ಯಾಪ್‌ಟಾಪುಗಳೂ ಉಂಟು. ಇವು ಹಳೆಯವಾದರೂ ಗಟ್ಟಿಯಾದವು. ಡಿಸ್ಕು, ಬ್ಯಾಟರಿಗಳನ್ನು ಬದಲಿಸಲು ಹಲವದರಲ್ಲಿ ಅನುಕೂಲವಿರುತ್ತದೆ. 8 ಜಿ.ಬಿ. ರ್‍ಯಾಮ್, 256 ಜಿ.ಬಿ. ಎಸ್.ಎಸ್.ಡಿ. ಇರುವುದನ್ನು ಹುಡುಕುವುದು ಲೇಸು.

ಇಲ್ಲಿ ಒಂದು ಎಚ್ಚರಿಕೆಯುಂಟು. ವಿಂಡೋಸ್ 10ರ ಸಾಮಾನ್ಯ ಬೆಂಬಲವು 2025ನೆಯ ಅಕ್ಟೋಬರ್ 14ರಂದು ಮುಗಿದಿದೆ. ಎಂಟನೆಯ ತಲೆಮಾರಿಗಿಂತ ಹಿಂದಿನ ಇಂಟೆಲ್ ಪ್ರೊಸೆಸರುಗಳ ಪೈಕಿ ಬಹುತೇಕ ಎಲ್ಲವೂ ವಿಂಡೋಸ್ 11ಕ್ಕೆ ಅರ್ಹವಲ್ಲ. ಅಂಥಾ ಯಂತ್ರವು ತೀರಾ ಅಗ್ಗವಾಗಿ ದೊರೆತರೆ ಉಬುಂಟು ಅಥವಾ ಲಿನಕ್ಸ್ ಮಿಂಟನ್ನು ಬೆಲೆಯಿಲ್ಲದೆ ಹಾಕಿಕೊಳ್ಳಬಹುದು. ಅವುಗಳಲ್ಲಿ ಕನ್ನಡವನ್ನೂ ಬರೆಯಬಹುದು.

ಅಂಗಡಿಯಲ್ಲಿ ಸಂಕೋಚ ಬೇಡ. ಚಾರ್ಜರನ್ನು ಕಿತ್ತು ಅರ್ಧ ಗಂಟೆ ನಡೆಯಿಸಿ ನೋಡಿರಿ. ನಮ್ಮ ಹಳ್ಳಿಗಳಲ್ಲಿ ಕರೆಂಟು ಹೋದಾಗ ಬ್ಯಾಟರಿಯೇ ಗತಿ. ಒಂದೊಂದು ಕೀಲಿಯನ್ನೂ ಒತ್ತಿರಿ. ವೈಫೈ, ಕ್ಯಾಮೆರಾ, ಮುಚ್ಚಳದ ತಿರುಗಣಿಗಳನ್ನು ಪರೀಕ್ಷಿಸಿರಿ. ಹಿಂದಿನ ಕಂಪೆನಿಯ ಪಾಸ್‌ವರ್ಡು ಉಳಿದಿಲ್ಲವೆಂದು ಖಚಿತಪಡಿಸಿಕೊಳ್ಳಿರಿ. ವಾರಂಟಿಯ ಮಾತನ್ನು ರಸೀತಿಯಲ್ಲಿ ಬರೆಯಿಸಿಕೊಳ್ಳಿರಿ.

ಮೂರನೆಯದೇ ಮುಖ್ಯವಾದದ್ದು, ಜನರು ಮರೆಯುವುದೂ ಇದನ್ನೇ. ಸದ್ಯದ ಉಪಾಯಕ್ಕೆ ಒಂದು ಕೊನೆಯ ದಿನವನ್ನು ಗೊತ್ತುಮಾಡಬೇಕು. ಮೊಳಕಾಲ್ಮೂರಿನ ನೇಯ್ಗೆಯ ಮನೆಯ ತಾಯಿಯೊಬ್ಬರು, ಮಗಳಿಗೆ ದುರಸ್ತಿಯಾದ ಲ್ಯಾಪ್‌ಟಾಪನ್ನು ಕೊಡಿಸಿದ ದಿವಸವೇ ಅವಳ ಹೆಸರಿನಲ್ಲಿ ಅಂಚೆ ಕಛೇರಿಯಲ್ಲಿ ಆರ್.ಡಿ. ಖಾತೆಯನ್ನು ತೆರೆದರು. “ಮಗ್ಗದಲ್ಲಿ ಎಳೆ ಹರಿದರೆ ಗಂಟು ಹಾಕ್ತೀವಿ ಮೇಡಂ, ಗಂಟನ್ನೇ ನೇಯೋಕಾಗುತ್ತಾ?” ಎಂದು ನಮಗೆ ಹೇಳಿದರು. ಶಿಕ್ಷಕಿಯರ ತರಬೇತಿ ಪಡೆದ ನಾವು ಅವರಿಂದ ಈ ಪಾಠವನ್ನು ಕಲಿತೆವು.

ಹೊಸದು ಬಂದ ಮೇಲೆ ಹಳೆಯದರೊಳಗಿನ ಸ್ವಂತ ಕಡತಗಳನ್ನು ಅಳಿಸಿ ತಂಗಿಗೋ ನೆರೆಯ ವಿದ್ಯಾರ್ಥಿನಿಗೋ ಕೊಡಬಹುದು. ಕೆಟ್ಟುಹೋಗಿದ್ದರೆ ತಿಪ್ಪೆಗೆ ಎಸೆಯದೆ ಇ-ತ್ಯಾಜ್ಯವನ್ನು ಪಡೆಯುವ ನೋಂದಾಯಿತ ಸಂಸ್ಥೆಗೆ ಒಪ್ಪಿಸತಕ್ಕದ್ದು.

ಚಳ್ಳಕೆರೆಯ ಬಳಿಯ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣವಿದೆ. ಈ ಸೀಮೆಯ ಹೆಣ್ಣುಮಕ್ಕಳು ಅಂಥಾ ಸಂಸ್ಥೆಗಳಲ್ಲಿ ಕಲಿಯುವಂತಾಗಬೇಕೆಂಬುದು ನಮ್ಮ ಹಂಬಲ. ಅದಕ್ಕೆ ಮೊದಲ ದಿವಸವೇ ಬೆಲೆಬಾಳುವ ಯಂತ್ರ ಬೇಕಿಲ್ಲ. ಇರುವ ಹಣವನ್ನು ವಿವೇಕದಿಂದ ಬಳಸಿ, ‘ಸದ್ಯಕ್ಕೆ’ ಎಂಬುದು ‘ಯಾವಾಗಲೂ’ ಎಂದಾಗದಂತೆ ನೋಡಿಕೊಂಡರೆ ಸಾಕು.