ನಮ್ಮೂರಿಗೂ ಒಂದು ಸಂಗೀತ ಸಭೆ ಬೇಡವೇ?

ನಿಮ್ಮ ಮನೆಯ ಅಟ್ಟದ ಮೇಲೆ ಹಳೆಯ ಹಾರ್ಮೋನಿಯಮ್ಮೋ ಶ್ರುತಿಪೆಟ್ಟಿಗೆಯೋ ಧೂಳು ಹೊದ್ದು ಕೂತಿದೆಯೇ? ಒಮ್ಮೆ ಹತ್ತಿ ನೋಡಿ. ಮದುವೆಗೆ ಮುಂಚೆ ಸಂಗೀತದ ಜೂನಿಯರ್ ಪರೀಕ್ಷೆ ಪಾಸು ಮಾಡಿಕೊಂಡು, ಹೆಣ್ಣು ನೋಡಲು ಬಂದವರ ಮುಂದೆ ಒಂದು ದೇವರನಾಮ ಹಾಡಿ, ಆಮೇಲೆ ಒಗ್ಗರಣೆಯ ಸದ್ದಿನ ಜೊತೆ ಗುನುಗುವಷ್ಟಕ್ಕೇ ಸಂಗೀತವನ್ನು ಉಳಿಸಿಕೊಂಡ ಗೃಹಿಣಿಯರು ಪ್ರತಿ ಬೀದಿಯಲ್ಲೂ ಇಬ್ಬರು ಮೂವರು ಸಿಗುತ್ತಾರೆ. ಹಾಡಲು ಬಾರದಿದ್ದರೂ ಕೇಳುವ ಆಸೆ ಇರುವವರಂತೂ ಇನ್ನೂ ಹೆಚ್ಚು. "ಟಿ.ವಿ.ಯಲ್ಲಿ, ಮೊಬೈಲಿನಲ್ಲಿ ಬೇಕಾದಷ್ಟು ಬರುತ್ತಲ್ಲ" ಅನ್ನುತ್ತೀರಾ? ಬರುತ್ತೆ, ನಿಜ. ಆದರೆ ಎದುರಿಗೇ ಕೂತು ಹಾಡುವವರ ಉಸಿರು ಕೇಳಿಸುವಷ್ಟು ಹತ್ತಿರದಲ್ಲಿ ಹಾಡು ಕೇಳುವ ಸೊಗಸೇ ಬೇರೆ. ಅದಕ್ಕೆ ದಾವಣಗೆರೆಗೋ ಬೆಂಗಳೂರಿಗೋ ಬಸ್ಸು ಹತ್ತಬೇಕಾಗಿಲ್ಲ. ಮನೆಯ ಪಡಸಾಲೆ ಸಾಕು.

ನಾವು ಬ್ರಹ್ಮಗಿರಿ ಬೆಟ್ಟದ ಸೀಮೆಯವರು. ಅಶೋಕ ಚಕ್ರವರ್ತಿ ಬಂಡೆಯ ಮೇಲೆ ಬರೆಸಿದ ಮಾತುಗಳು ಇರುವ ಜಾಗ ಅಂತ ಮಕ್ಕಳ ಪಾಠಪುಸ್ತಕದಲ್ಲಿ ಓದಿರುತ್ತೀರಿ. 1892ರಲ್ಲಿ ಬಿ.ಎಲ್. ರೈಸ್ ಅವರು ಅದನ್ನು ಹುಡುಕಿದರು. ಆ ಶಾಸನ ತನ್ನನ್ನು ತಾನೇ 'ಜನರಿಗೆ ಕೇಳಿಸಿದ ಮಾತು' ಎಂದು ಕರೆದುಕೊಳ್ಳುತ್ತದಂತೆ. ಕಲ್ಲಿನ ಮೇಲೆ ಬರೆದದ್ದೂ ಕಿವಿಗಾಗಿಯೇ ಇತ್ತು ಅನ್ನುವುದು ನನಗೆ ಬಹಳ ಇಷ್ಟವಾದ ಸಂಗತಿ. ಮಳೆ ಕಡಿಮೆ, ಬಿಸಿಲು ಜಾಸ್ತಿ, ಊರೊಳಗೆ ರೇಷ್ಮೆ ಸೀರೆಯ ಮಗ್ಗ, ಹೊರಗೆ ಶೇಂಗಾ ಹೊಲ. ಇಂಥ ಕಡೆ ಸಂಗೀತ ಸಭೆಯೇ ಅಂತ ನಗಬೇಡಿ.

ಮೊದಲು ಹೆಸರಿನ ವಿಷಯ ಮುಗಿಸಿಬಿಡುತ್ತೇನೆ. ನನ್ನ ಮಗಳು ಇದನ್ನು 'ಮ್ಯೂಸಿಕ್ ಕ್ಲಬ್' ಅನ್ನುತ್ತಾಳೆ. ನಮ್ಮ ಅತ್ತೆಯವರ ಕಾಲದಲ್ಲಿ ಕ್ಲಬ್ಬು ಅಂದರೆ ಕಾಫಿ ಹೋಟೆಲು, ಇಲ್ಲವೇ ಗಂಡಸರು ಇಸ್ಪೀಟು ಆಡುವ ಜಾಗ. ಆ ಶಬ್ದ ಕೇಳಿದರೆ ಹಿರಿಯರ ಹುಬ್ಬು ಮೇಲೇರುತ್ತೆ. ಆದ್ದರಿಂದ ನಾವು ಹೆಸರೇ ಇಡಲಿಲ್ಲ. ಜನ ತಾವಾಗಿಯೇ 'ಅಮಾವಾಸ್ಯೆ ಹಾಡು' ಅಂತ ಕರೆಯತೊಡಗಿದರು. ಅದು ಹೇಗೆ ಬಂತು ಅಂತ ಮುಂದೆ ಹೇಳುತ್ತೇನೆ.

ದೊಡ್ಡ ದೊಡ್ಡ ಸಭೆಗಳೂ ಹೀಗೇ ನಾಲ್ಕು ಜನ ಸೇರಿ ಆಸೆಯಿಂದ ಆರಂಭಿಸಿದವುಗಳೇ. ಬೆಂಗಳೂರಿನ ಗಾಯನ ಸಮಾಜ 1905ರದು. ಚಾಮರಾಜಪೇಟೆಯ ಶ್ರೀರಾಮ ಸೇವಾ ಮಂಡಳಿಯನ್ನು 1939ರಲ್ಲಿ ಎಸ್.ವಿ. ನಾರಾಯಣಸ್ವಾಮಿ ರಾಯರು ಶುರು ಮಾಡಿದರು. ಇವತ್ತಿಗೂ ರಾಮನವಮಿ ಅಂದರೆ ಅಲ್ಲಿ ಚಪ್ಪರ, ಜನ, ದಿನದಿನವೂ ಕಚೇರಿ. ಮೈಸೂರಿನ ವಿ.ವಿ. ಮೊಹಲ್ಲಾದ 8ನೇ ಕ್ರಾಸಿನಲ್ಲಿ ಗಣಪತಿ ಕೂರಿಸಿ ದೇಶದ ಹೆಸರಾಂತ ವಿದ್ವಾಂಸರನ್ನೆಲ್ಲ ಬೀದಿಯ ಚಪ್ಪರಕ್ಕೇ ಕರೆಸಿದ್ದಾರೆ. ಬರೀ ಒಂದು ಕ್ರಾಸು ನೋಡಿ!

ಇನ್ನು ಹೆಂಗಸರ ಸಭೆ ಅಂದರೆ ಬೆಂಗಳೂರು ನಾಗರತ್ನಮ್ಮನವರನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. 1878ರಲ್ಲಿ ನಂಜನಗೂಡಿನಲ್ಲಿ ಹುಟ್ಟಿದವರು. ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿ ಹಾಳು ಬಿದ್ದಿದ್ದಾಗ ತಮ್ಮ ಸಂಪಾದನೆಯ ಹಣ ಸುರಿದು ಗುಡಿ ಕಟ್ಟಿಸಿದರು. 1925ರಲ್ಲಿ ಪ್ರತಿಷ್ಠೆಯಾಯಿತು. ಆದರೆ ಆರಾಧನೆಯ ದಿನ ಅಲ್ಲಿ ಹಾಡುವ ಹಕ್ಕು ಹೆಂಗಸರಿಗಿರಲಿಲ್ಲ. ಗುಡಿ ಕಟ್ಟಿಸಿದಾಕೆಗೇ ಇಲ್ಲ! ಆಕೆ ಅಳುತ್ತಾ ಮನೆಗೆ ಹೋಗಲಿಲ್ಲ. ಹೆಂಗಸರನ್ನೆಲ್ಲ ಕೂಡಿಸಿ ತಮ್ಮದೇ ಬೇರೆ ಆರಾಧನೆ ನಡೆಸಿದರು. ವರ್ಷ ವರ್ಷವೂ ಬಿಡದೆ ನಡೆಸಿದರು. ಕೊನೆಗೆ 1940ರ ಹೊತ್ತಿಗೆ ಬೇರೆ ಬೇರೆಯಾಗಿದ್ದ ಗುಂಪುಗಳು ಒಂದಾದವು, ಹೆಂಗಸರಿಗೂ ಅಲ್ಲಿ ಜಾಗವಾಯಿತು. 1952ರಲ್ಲಿ ತೀರಿಕೊಂಡ ಅವರ ಸ್ಮಾರಕ ಈಗ ತ್ಯಾಗರಾಜರ ಸಮಾಧಿಯ ಸನಿಹದಲ್ಲೇ ಇದೆ.

ಅಂದಹಾಗೆ ತ್ಯಾಗರಾಜರ ಮಾತು ಬಂತು. ನಮ್ಮ ಕಡೆ ಅರ್ಧ ಮನೆಗಳಲ್ಲಿ ಆಡುವುದು ತೆಲುಗು, ಗಡಿ ದಾಟಿದರೆ ರಾಯದುರ್ಗ. ಪಟ್ಟಣದ ರಸಿಕರು ರಾಗ ಯಾವುದು, ತಾಳ ಯಾವುದು ಅಂತ ಲೆಕ್ಕ ಹಾಕುತ್ತಾ ಕೂತಿರುವಾಗ, ನಮ್ಮಲ್ಲಿ ರೇಷ್ಮೆ ನೂಲು ಸುತ್ತುವ ಹೆಣ್ಣುಮಗಳು ಕೀರ್ತನೆಯ ಮಾತು ಕೇಳಿಯೇ "ಪಾಪ, ಆಯಪ್ಪ ದೇವರ ಹತ್ರ ಎಷ್ಟು ಕೇಳ್ಕೊಂತಾನೆ ನೋಡಕ್ಕಾ" ಅಂತಾಳೆ. ಶಾಸ್ತ್ರೀಯ ಸಂಗೀತ ನಮಗೆ ತಿಳಿಯೋಲ್ಲ ಅನ್ನುವವರಿಗೆ ನಾನು ಇದನ್ನೇ ಹೇಳುವುದು.

ಈಗ ನಡೆಸುವ ಬಗೆಗೆ ಬರೋಣ. ಎಲ್ಲಕ್ಕಿಂತ ಮುಖ್ಯ ದಿನ. ಭಾನುವಾರ ಗಂಡ ಮಕ್ಕಳು ಮನೆಯಲ್ಲಿ, ನಮಗೆ ಬಿಡುವೆಲ್ಲಿ? ಶನಿವಾರ, ಶುಕ್ರವಾರ ಪೂಜೆ. ಬೇರೆ ದಿನ ಮಾಡೋಣವೆಂದರೆ ಬೀದಿಯ ಮಗ್ಗಗಳ ಟಕಟಕ ಸದ್ದಿನಲ್ಲಿ ತಂಬೂರಿ ಕೇಳಿಸುವುದೇ ಇಲ್ಲ. ನಮ್ಮ ಬೀದಿಯಲ್ಲಿ ಮಗ್ಗ ನಿಲ್ಲುವುದು ಅಮಾವಾಸ್ಯೆಗೆ. ಆ ದಿನ ನೇಯುವ ಮನೆಯ ಹೆಂಗಸರಿಗೂ ಬಿಡುವು. ಹೊಲದ ಕೆಲಸವೂ ಕಡಿಮೆ. ಇನ್ನೊಂದು ಗುಟ್ಟು ಹೇಳಲೇ? ಅಮಾವಾಸ್ಯೆಗೆ ಮದುವೆ ಮುಂಜಿ ಇರುವುದಿಲ್ಲ. ಹಾಗಾಗಿ ಮೃದಂಗದವರು, ತಬಲದವರು, ಪಿಟೀಲಿನವರು ಸುಲಭವಾಗಿ ಸಿಗುತ್ತಾರೆ. ಕ್ಯಾಲೆಂಡರಿನಲ್ಲಿ ಕಪ್ಪು ಚುಕ್ಕೆ ಇದ್ದೇ ಇರುತ್ತೆ, ಕರಪತ್ರ ಅಚ್ಚು ಹಾಕಿಸುವ ಖರ್ಚೂ ಉಳಿಯಿತು. "ಅಮಾವಾಸ್ಯೆ ದಿನ ಶುಭಕಾರ್ಯ ಮಾಡ್ತೀರಾ?" ಅಂತ ಒಬ್ಬ ಹಿರಿಯರು ಗದರಿಸಿದರು. "ದೀಪಾವಳಿಯ ಲಕ್ಷ್ಮೀಪೂಜೆ ಯಾವ ದಿನ ಮಾವಾ?" ಅಂದೆ. ಸುಮ್ಮನಾದರು. ಮಧ್ಯಾಹ್ನ ಮೂರಕ್ಕೆ ಶುರು, ದೀಪ ಹಚ್ಚುವ ಹೊತ್ತಿಗೆ ಮುಗಿಯಬೇಕು. ಎಷ್ಟೇ ಚೆನ್ನಾಗಿ ನಡೆಯುತ್ತಿದ್ದರೂ ಮುಗಿಯಬೇಕು. ಹೊತ್ತಿಗೆ ಸರಿಯಾಗಿ ಮನೆಗೆ ಬಂದ ಸೊಸೆಯನ್ನು ಮುಂದಿನ ತಿಂಗಳು ಯಾವ ಅತ್ತೆಯೂ ತಡೆಯುವುದಿಲ್ಲ.

ಮೊದಲ ಮೂರು ತಿಂಗಳು ಹೊರಗಿನವರನ್ನು ಕರೆಯಲೇಬೇಡಿ. ನಿಮ್ಮನಿಮ್ಮೊಳಗೇ ಹಾಡಿ. ಯಾರು ಹೊತ್ತಿಗೆ ಬರುತ್ತಾರೆ, ಯಾರು ಬರೀ ಬಾಯಲ್ಲಿ ಹೂಂ ಅನ್ನುತ್ತಾರೆ ಅನ್ನುವುದು ಅಷ್ಟರಲ್ಲಿ ಗೊತ್ತಾಗುತ್ತೆ.

ಜಾಗಕ್ಕೆ ಕಲ್ಯಾಣಮಂಟಪದ ಗೋಜು ಬೇಡ. ಪಡಸಾಲೆಯಲ್ಲಿ ಜಮಖಾನ ಹಾಸಿ. ಬರೀ ಗಾರೆ ನೆಲ, ಬರೀ ಗೋಡೆ ಇದ್ದರೆ ಸದ್ದು ಗುಂಯ್‌ಗುಡುತ್ತೆ. ಹಿಂದಿನ ಗೋಡೆಗೆ ಎರಡು ಹಳೆಯ ಕಂಬಳಿ ಇಳಿಬಿಟ್ಟರೆ ಎಷ್ಟೋ ಸರಿಹೋಗುತ್ತೆ. ಹಾಡುವವರ ಬಲಕ್ಕೆ ಮೃದಂಗ, ಎಡಕ್ಕೆ ಪಿಟೀಲು. ಹಾಗೆ ಕೂತರೆ ಮೃದಂಗದ ಬಲ ಮುಖ ಕೇಳುವವರ ಕಡೆಗೆ ಬರುತ್ತೆ. ಮೃದಂಗದವರು ಬಂದ ಕೂಡಲೇ "ಅಮ್ಮಾ, ಒಂದು ಹಿಡಿ ರವೆ, ಸ್ವಲ್ಪ ನೀರು" ಅಂತ ಕೇಳುತ್ತಾರೆ. ಉಪ್ಪಿಟ್ಟಿಗಲ್ಲ! ಎಡ ಮುಖಕ್ಕೆ ರವೆ ಕಲಸಿ ಹಚ್ಚಿದರೇನೇ ಆ ಗಂಭೀರವಾದ ನಾದ ಬರುವುದು. ಸಣ್ಣ ರವೆ ಮೊದಲೇ ತೆಗೆದಿಟ್ಟಿರಿ.

ತಂಬೂರಿ ಇಲ್ಲವೆಂದು ಚಿಂತೆ ಬೇಡ. ಬೆಂಗಳೂರಿನ ಜಿ. ರಾಜನಾರಾಯಣ್ ಅವರು 1979ರಲ್ಲೇ ವಿದ್ಯುತ್ತಿನ ತಂಬೂರಿ ತಯಾರಿಸಿದರು. ಈಗ ಮೊಬೈಲಿನಲ್ಲೂ ಸಿಗುತ್ತೆ. ಆದರೆ ಕರೆಂಟು ಹೋದಾಗಲೂ ನಿಲ್ಲದ ಹಳೆಯ ಶ್ರುತಿಪೆಟ್ಟಿಗೆ ಪಕ್ಕದಲ್ಲಿರಲಿ. ನಮ್ಮ ಕಡೆ ಕರೆಂಟಿನ ಭರವಸೆ ನಿಮಗೆ ಗೊತ್ತೇ ಇದೆ. ಮೈಕು ಮನೆಯೊಳಗೆ ಬೇಕೇ ಇಲ್ಲ. ಬಯಲಿನಲ್ಲಿ ಧ್ವನಿವರ್ಧಕ ಹಾಕುವುದಾದರೆ ಮೊದಲೇ ಲಿಖಿತ ಅನುಮತಿ ಪಡೆಯಬೇಕು. 2000ದ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಹಾಕುವಂತಿಲ್ಲ.

ಹಾಡುವವರನ್ನು ಎಲ್ಲಿಂದ ತರುವುದು? ನಿಮ್ಮ ಊರಿನ ಶಾಲೆಯ ಸಂಗೀತದ ಮೇಡಂ ಇದ್ದೇ ಇರುತ್ತಾರೆ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಅವರ ನಂತರ 2010ರವರೆಗೆ ಬಾಳಿದ ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದ ಮಕ್ಕಳಿಗೆಲ್ಲ ಸಂಗೀತದ ಕಣ್ಣು ಕೊಟ್ಟರು. ಅಲ್ಲಿ ಕಲಿತವರು ನಾಡಿನ ಉದ್ದಗಲಕ್ಕೂ ಇದ್ದಾರೆ, ವಿಚಾರಿಸಿ. ಬಳ್ಳಾರಿ ನಮಗೆ ಹತ್ತಿರ. ಅಲ್ಲಿನ ಸುಭದ್ರಮ್ಮ ಮನ್ಸೂರರು 2020ರಲ್ಲಿ ತೀರಿಕೊಳ್ಳುವವರೆಗೂ ರಂಗಗೀತೆಗೆ ಹೆಸರಾಗಿದ್ದವರು. ನಾಟಕದ ಹಾಡು ಅಂದರೆ ಈಗಲೂ ನಮ್ಮ ಕಡೆ ಪಡಸಾಲೆ ಸಾಲುವುದಿಲ್ಲ.

ದುಡ್ಡಿನ ಮಾತು ಆಡಲು ನಮಗೆ ಹೆಂಗಸರಿಗೆ ಸಂಕೋಚ. ಆದರೆ ಸಭೆ ಮುರಿಯುವುದು ಅಪಸ್ವರದಿಂದಲ್ಲ, ಲೆಕ್ಕದಿಂದ. 25 ಮನೆ, ತಿಂಗಳಿಗೆ ಮನೆಗೆ 100 ರೂಪಾಯಿ ಅಂದರೆ 2,500. ಇದರಲ್ಲಿ 2,000 ಆ ತಿಂಗಳ ಖರ್ಚಿಗೆ, 500 ಉಳಿತಾಯಕ್ಕೆ. ವರ್ಷಕ್ಕೆ 6,000 ಕೂಡಿತು, ಒಂದು ದೊಡ್ಡ ಕಚೇರಿಗೆ ಬುನಾದಿ. ಕೊಡಲಾಗದವರು ಜಮಖಾನ ಹಾಸಲಿ, ಪಾತ್ರೆ ತೊಳೆಯಲಿ, ಅದೂ ಚಂದಾವೇ. ಸಂಭಾವನೆ ಎಷ್ಟೆಂದು ಕರೆಯುವಾಗಲೇ ಹೇಳಿ, ಬಸ್ ಚಾರ್ಜು ಬೇರೆ ಅಂತಲೂ ಹೇಳಿ. "ನಿಮ್ಮ ಖುಷಿ" ಅಂದವರಿಗೆ ಹತ್ತು ರೂಪಾಯಿ ಕಮ್ಮಿ ಕೊಡಬೇಡಿ. ಸಂಘ ನೋಂದಾಯಿಸುವ ಅವಸರ ಬೇಡ. ಮುಂದೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಧನಸಹಾಯ ಕೇಳುವ ಮನಸ್ಸಾದರೆ ಆಗ ನೋಂದಣಿ ಬೇಕು, ಕಡೇಪಕ್ಷ 7 ಜನ ಸದಸ್ಯರಿರಬೇಕು.

ಉಪಚಾರ ನಮ್ಮ ಕೈಯಲ್ಲಿರುವ ವಿದ್ಯೆ. ಹಾಡುವ ಮುಂಚೆ ಕರಿದದ್ದು, ಮೊಸರು ಕೊಡಬೇಡಿ. ಈ ಕಷಾಯ ಮಾಡಿ: 2 ಚಮಚ ಧನಿಯ, 1 ಚಮಚ ಜೀರಿಗೆ, ಅರ್ಧ ಚಮಚ ಕಾಳುಮೆಣಸು, ಒಂದಿಂಚು ಒಣಶುಂಠಿ, ಇವನ್ನು ಬೆಚ್ಚಗೆ ಹುರಿದು ತರಿತರಿಯಾಗಿ ಪುಡಿ ಮಾಡಿ. 1 ಲೀಟರ್ ನೀರಿಗೆ ಹಾಕಿ ಮುಕ್ಕಾಲಾಗುವವರೆಗೆ ಕುದಿಸಿ, ರುಚಿಗೆ ಬೆಲ್ಲ ಸೇರಿಸಿ ಸೋಸಿ. ಹಾಲು ಬೇಕೆಂದವರಿಗೆ ಬೇರೆ ಲೋಟದಲ್ಲಿ ಕೊಡಿ. ಕೆಲವರಿಗೆ ಹಾಲು ಗಂಟಲು ಕಟ್ಟುತ್ತೆ. ಕೇಳುವವರಿಗೆ ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ ಇದ್ದೇ ಇದೆ, ಆದರೆ ಹಾಡು ಮುಗಿದ ಮೇಲೆ. ಆಲಾಪನೆಯ ಮಧ್ಯೆ ನಲವತ್ತು ಜನ ಮಂಡಕ್ಕಿ ಅಗಿದರೆ ಹೇಗಿರುತ್ತೆ ಊಹಿಸಿಕೊಳ್ಳಿ!

ಇಷ್ಟೆಲ್ಲ ಸುಸೂತ್ರವಾಗಿ ನಡೆಯುತ್ತಿದ್ದಾಗ ನಮ್ಮ ಕೂಟ ಮುರಿಯುವ ಹಾಗಾದದ್ದು ಒಂದು ಲಕೋಟೆಯಿಂದ.

ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯ ಹೆಸರು ಕೇಳಿದ್ದೀರಲ್ಲ? ಅಕ್ಷರ ಬಾರದ ಆ ತಾಯಿ ಸಾವಿರಾರು ತ್ರಿಪದಿಗಳನ್ನು ನೆನಪಿನಿಂದಲೇ ಹಾಡುತ್ತಿದ್ದರು. ಕೃಷ್ಣಮೂರ್ತಿ ಹನೂರರು ಅವರ ಬಾಯಿಂದ ಕೇಳಿ ಬರೆದುಕೊಂಡು ಪುಸ್ತಕ ಮಾಡಿದರು. ಅಂಥ ಹಾಡುಗಾರ್ತಿಯರು ನಮ್ಮ ಹಟ್ಟಿಗಳಲ್ಲಿ ಇನ್ನೂ ಇದ್ದಾರೆ. ಹೀಗಿರುವಾಗ ನಮ್ಮ ಜಮಖಾನದ ಮೇಲೆ ಬರೀ ಕಲಿತವರೇ ಕೂರಬೇಕೇ ಎಂದು ಒಂದು ಅಮಾವಾಸ್ಯೆಗೆ ಹತ್ತಿರದ ಹಟ್ಟಿಯ ನಾಲ್ವರು ಸೋಬಾನೆಯವರನ್ನು ಕರೆದೆವು. "ನಾವೇನ್ ಕಲ್ತು ಹಾಡೋರಲ್ಲ ಕಣಮ್ಮಾ" ಅನ್ನುತ್ತಲೇ ಬಂದರು. ಇಬ್ಬರು ಎತ್ತಿಕೊಡುವುದು, ಇನ್ನಿಬ್ಬರು ಹಿಡಿಯುವುದು. ಉಸಿರಿಗೆ ಬಿಡುವೇ ಇಲ್ಲ, ಒಬ್ಬರು ನಿಲ್ಲಿಸುವ ಮುಂಚೆ ಇನ್ನೊಬ್ಬರು ಸೇರಿರುತ್ತಾರೆ. ನಮ್ಮ ಪೆಟ್ಟಿಗೆಯ ಶ್ರುತಿ ಅವರಿಗೆ ಒಗ್ಗಲಿಲ್ಲ, ನಿಲ್ಲಿಸಿಬಿಟ್ಟೆವು. ಅವರ ಶ್ರುತಿ ಅವರಲ್ಲೇ ಇತ್ತು. ಕೆಲವು ಪದಗಳನ್ನು "ಅದು ಸಾವಿನ ಮನೇದು, ಇಲ್ಲಿ ಬ್ಯಾಡ" ಅಂತ ಹಾಡಲಿಲ್ಲ. ನಾವೂ ಒತ್ತಾಯಿಸಲಿಲ್ಲ.

ಮುಗಿದ ಮೇಲೆ ಸಂಭಾವನೆಯ ಮಾತು. ಒಬ್ಬ ಸದಸ್ಯೆ ನನ್ನನ್ನು ಅಡುಗೆಮನೆಗೆ ಕರೆದು, "ಎಲೆ ಅಡಿಕೆ, ರವಿಕೆ ಕಣ ಕೊಟ್ಟರೆ ಸಾಕಲ್ಲ? ಅವರು ಹೊಲದಲ್ಲಿ ಹೇಗೂ ಹಾಡ್ತಾರೆ, ಹಿಂದಿನ ತಿಂಗಳ ವಿದ್ವಾಂಸರಿಗೆ ಕೊಟ್ಟಷ್ಟೇ ಕೊಡೋದಾ?" ಅಂದರು. "ವಿದ್ವಾಂಸರೂ ಮನೆಯಲ್ಲಿ ದಿನಾ ಹಾಡ್ತಾರಲ್ಲ ಅಕ್ಕಾ" ಅಂದೆ. ಮಾತು ಬೆಳೆಯಿತು. ಕೊನೆಗೆ ಪುಸ್ತಕ ತೆಗೆದು ಎಲ್ಲರ ಎದುರಿಗೇ ಕೇಳಿದೆ. ಹೆಚ್ಚಿನವರು ಅಷ್ಟೇ ಕೊಡಬೇಕು ಅಂದರು. ಕೊಟ್ಟೆವು, ಅಂಥದೇ ಬಿಳಿ ಲಕೋಟೆಯಲ್ಲಿ. ಮುಂದಿನ ತಿಂಗಳಿಂದ ಎರಡು ಮನೆಯ ಚಂದಾ ನಿಂತಿತು. ಆ ಎರಡು ಮನೆಯವರೂ ಚೆನ್ನಾಗಿ ಹಾಡುವವರೇ, ನಮಗೆ ಬೇಸರವಾಗದೆ ಇಲ್ಲ. ಈಗಲೂ ಪ್ರತಿ ಅಮಾವಾಸ್ಯೆಗೆ ಹೇಳಿಕಳಿಸುತ್ತೇವೆ.

ಆ ನಾಲ್ವರಲ್ಲಿ ಹಿರಿಯಾಕೆ ಲಕೋಟೆಯನ್ನು ತಿರುಗಿಸಿ ತಿರುಗಿಸಿ ನೋಡಿ, "ಇದನ್ನ ನಮ್ಮ ಹುಡುಗನ ಕೈಗೆ ಕೊಡಬ್ಯಾಡಿ, ನಾಲ್ಕು ಜನಕ್ಕೂ ಬೇರೆ ಬೇರೆ ಮಾಡಿ ನಮ್ಮ ಕೈಗೇ ಕೊಡಿ" ಅಂದರು. ಅಂದಿನಿಂದ ನಮ್ಮಲ್ಲಿ ಗುಂಪಿಗೆ ಒಂದು ಲಕೋಟೆ ಅನ್ನುವ ಪದ್ಧತಿ ಇಲ್ಲ. ತಲೆಗೊಂದು. ಲೆಕ್ಕದ ಪುಸ್ತಕದಲ್ಲೂ ಒಬ್ಬೊಬ್ಬರ ಹೆಸರು ಬೇರೆ ಬೇರೆ ಸಾಲಿನಲ್ಲಿ, ಎದುರಿಗೆ ಸಹಿ. ಸಹಿ ಬಾರದವರು ಹೆಬ್ಬೆಟ್ಟು ಒತ್ತುತ್ತಾರೆ. ನೀವು ಶುರು ಮಾಡುವಾಗ ದಪ್ಪ ರಟ್ಟಿನ, ಅಗಲ ಹಾಳೆಯ ಪುಸ್ತಕವನ್ನೇ ಕೊಳ್ಳಿ. ಜೊತೆಗೊಂದು ಮಸಿ ಪ್ಯಾಡೂ ಇರಲಿ.