ಅಟ್ಟದ ಮೇಲಿನ ರಸಾಯನಶಾಸ್ತ್ರ

ನಮ್ಮ ಸದಸ್ಯ ಬಾಂಧವರ ಮನೆಗಳಲ್ಲಿ ಪಿ.ಯು.ಸಿ. ವಿಜ್ಞಾನ ಓದುವ ಮಕ್ಕಳಿದ್ದಾರೆ. ಸಾವಯವ ರಸಾಯನಶಾಸ್ತ್ರವೆಂದರೆ ಅವರಲ್ಲಿ ಅನೇಕರಿಗೆ ಅಂಜಿಕೆ. ಆದರೆ ತುರುವೇಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿ ಸೀಮೆಯ ನಮಗೆ ಆ ಶಾಸ್ತ್ರದ ಮೊದಲ ಪಾಠ ಮನೆಯ ಅಟ್ಟದ ಮೇಲೆಯೇ ಇದೆ. ಅದನ್ನು ತಿಳಿದರೆ ಮಕ್ಕಳಿಗೆ ಅಂಕ, ನಮಗೆ ಹರಾಜಿನಲ್ಲಿ ಬೆಲೆ.

ಇದು ಇಂಗಾಲದ ಶಾಸ್ತ್ರ. ಇಂಗಾಲದ ಪ್ರತಿ ಪರಮಾಣುವಿಗೂ ನಾಲ್ಕು ಕೈಗಳಿವೆಯೆಂದು ಭಾವಿಸಿರಿ. ಒಂದು ಇಂಗಾಲ ಇನ್ನೊಂದರ ಕೈ ಹಿಡಿದು ಸರಪಳಿಯಾಗುತ್ತದೆ. ಉಳಿದ ಕೈಗಳನ್ನು ಜಲಜನಕ, ಆಮ್ಲಜನಕ ಮೊದಲಾದವು ಹಿಡಿಯುತ್ತವೆ. ಇಂಥ ವಸ್ತುಗಳು ಜೀವಿಗಳ ಒಡಲಲ್ಲಿ ಮಾತ್ರ ಹುಟ್ಟುತ್ತವೆಂದು ಹಿಂದೆ ನಂಬಿದ್ದರು. 1828ರಲ್ಲಿ ಜರ್ಮನಿಯ ವೋಲರ್ ಪ್ರಯೋಗಶಾಲೆಯಲ್ಲಿ ಯೂರಿಯಾ ತಯಾರಿಸಿದ ಮೇಲೆ ಆ ನಂಬಿಕೆ ಸಡಿಲವಾಯಿತು. ನಾವು ಮರದ ಬುಡಕ್ಕೆ ಹಾಕುವ ಯೂರಿಯಾವೂ ಅದೇ ವಸ್ತು.

ಇನ್ನು ಕೊಬ್ಬರಿಯ ಮಾತು. ಎಣ್ಣೆಯ ಒಂದು ಅಣುವೆಂದರೆ ಗ್ಲಿಸರಿನ್ ಎಂಬ ಗೂಟಕ್ಕೆ ಕಟ್ಟಿದ ಮೂರು ಮೇದಾಮ್ಲದ ಸರಪಳಿಗಳು. ಕೊಬ್ಬರಿ ಎಣ್ಣೆಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು 12 ಇಂಗಾಲಗಳ ಲಾರಿಕ್ ಆಮ್ಲ. ಇದರ ಇಂಗಾಲಗಳ ನಡುವೆ ಒಂಟಿ ಹಿಡಿತವೇ ಹೊರತು ಜೋಡಿ ಹಿಡಿತವಿಲ್ಲ. ನೇರವಾದ ಸರಪಳಿಗಳು ಸೌದೆ ಒಟ್ಟಿದಂತೆ ಒತ್ತಾಗಿ ಕೂರುವುದರಿಂದ ಸುಮಾರು 24 ಡಿಗ್ರಿಗಿಂತ ತಂಪಾದರೆ ಎಣ್ಣೆ ಗಟ್ಟಿಯಾಗುತ್ತದೆ. ಕಡಲೆಕಾಯಿ ಎಣ್ಣೆಯ ಬಹುಪಾಲು ಸರಪಳಿಗಳಲ್ಲಿ ಜೋಡಿ ಹಿಡಿತವಿದ್ದು, ಅಲ್ಲಿ ಡೊಂಕಿದೆ. ಅದು ಧನುರ್ಮಾಸದ ಚಳಿಯಲ್ಲೂ ಹರಿಯುತ್ತದೆ. ಗಾಳಿಯ ಆಮ್ಲಜನಕ ಬಾಯಿ ಹಾಕುವುದೂ ಈ ಜೋಡಿ ಹಿಡಿತದ ಬಳಿಯೇ. ಕೊಬ್ಬರಿ ಎಣ್ಣೆಗೆ ಆ ಭಯ ಕಡಿಮೆ.

ಕೊಬ್ಬರಿಯ ದೊಡ್ಡ ಶತ್ರು ನೀರು. ತೇವವಿದ್ದರೆ ಬೂಷ್ಟು ಬೆಳೆಯುತ್ತದೆ. ಬೂಷ್ಟಿನ ಕಿಣ್ವಗಳು ನೀರಿನ ನೆರವಿನಿಂದ ಸರಪಳಿಗಳನ್ನು ಗೂಟದಿಂದ ಬಿಚ್ಚುತ್ತವೆ. ಇದಕ್ಕೆ ಜಲವಿಭಜನೆ ಎಂದು ಹೆಸರು. ಹೀಗೆ ಬಿಡಿಯಾದ 6, 8, 10 ಇಂಗಾಲಗಳ ಗಿಡ್ಡ ಆಮ್ಲಗಳು ಕಮಟು ವಾಸನೆ ಬೀರುತ್ತವೆ. ಇವುಗಳ ಹಳೆಯ ಇಂಗ್ಲಿಷ್ ಹೆಸರುಗಳು ಮೇಕೆ ಎಂಬರ್ಥದ ಲ್ಯಾಟಿನ್ ಪದದಿಂದ ಬಂದವು, ವಾಸನೆಯೂ ಅಂಥದೇ.

ಹಸಿ ಕಾಯಿಯ ತಿರುಳಿನಲ್ಲಿ ನೂರಕ್ಕೆ 45ರಿಂದ 50 ಭಾಗ ನೀರು. ಚೆನ್ನಾಗಿ ಒಣಗಿದ ಕೊಬ್ಬರಿಯಲ್ಲಿ 6ರ ಆಸುಪಾಸು. ಈ ನೀರು ನಿಧಾನವಾಗಿ ಇಂಗಲೆಂದೇ ನಮ್ಮ ಹಿರಿಯರು ಉಂಡೆ ಕೊಬ್ಬರಿಗಾಗಿ ಕಾಯಿಗಳನ್ನು 8ರಿಂದ 12 ತಿಂಗಳು ಅಟ್ಟದಲ್ಲಿಟ್ಟರು. ಅಲ್ಲಾಡಿಸಿದಾಗ ಕರಟದೊಳಗೆ ಉಂಡೆ ಗಡಗಡ ಎನ್ನಬೇಕು. ಮಕ್ಕಳ ಫೀಸು, ಬೋರ್‌ವೆಲ್ ಸಾಲ ಎಂದು ಆರನೇ ತಿಂಗಳಿಗೇ ಸುಲಿದು ಒಡೆಯುವ ಕಷ್ಟವನ್ನು ನಾವೂ ಬಲ್ಲೆವು. ಆದರೂ ಹೇಳುತ್ತೇವೆ: ಹಣ ತುರ್ತಾಗಿದ್ದರೆ ಬೇಕಾದಷ್ಟನ್ನು ಕಾಯಿಯಾಗಿಯೇ ಮಾರಿರಿ. ಒಡೆದಾಗ ಹಸಿಯೆನಿಸಿದ್ದನ್ನು ಬೇರೆಯಿಟ್ಟು ಬಿಸಿಲಿಗೆ ಹಾಕಿರಿ. ಒಣಗಿದ್ದರೊಡನೆ ಚೀಲಕ್ಕೆ ತುಂಬಬೇಡಿರಿ. ಒಂದರ ತೇವ ಇಡೀ ಚೀಲವನ್ನು ಕೆಡಿಸುತ್ತದೆ. ಬೂಷ್ಟು ಹಿಡಿದದ್ದನ್ನು ಒರೆಸಿ ಬೆರೆಸುವುದಂತೂ ಬೇಡ. ಕೆಲವು ಬೂಷ್ಟುಗಳು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಬಿಡುತ್ತವೆ, ಒರೆಸಿದರೆ ಅದು ಹೋಗುವುದಿಲ್ಲ.

ಈ ಸಲ ಅಟ್ಟ ಇಳಿಸುವಾಗ ಮಕ್ಕಳನ್ನೂ ಜೊತೆಗೆ ಕರೆಯಿರಿ. ಜಲವಿಭಜನೆ ಎಂದರೇನೆಂದು ಅವರು ನಿಮಗೆ ಹೇಳಲಿ. ಗಡಗಡ ಎನ್ನುವ ಕಾಯಿ ಯಾವುದೆಂದು ನೀವು ಅವರಿಗೆ ತೋರಿಸಿರಿ.