ನಿಮ್ಮ ಕೈಯಲ್ಲಿರುವ ಸ್ಫಟಿಕವನ್ನು ಉಜ್ಜಿದವರು ಯಾರು?

ಇನ್‌ಸ್ಟಾಗ್ರಾಂ ತೆರೆದರೆ ಸಾಕು, ಪ್ರೀತಿಗೆ ರೋಸ್ ಕ್ವಾರ್ಟ್ಜ್, ದುಡ್ಡಿಗೆ ಸಿಟ್ರಿನ್, ನಿದ್ದೆಗೆ ಅಮೆಥಿಸ್ಟ್ ಅಂತ ರೀಲ್‌ಗಳು ಸಾಲುಗಟ್ಟಿ ಬರುತ್ತವೆ. ಕಲ್ಲನ್ನು ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಅದರ ಜೊತೆ ‘ಕನೆಕ್ಟ್’ ಆಗಿ ಅನ್ನುತ್ತಾರೆ. ಕಲ್ಲು ಇಷ್ಟಪಡುವವರನ್ನು ಹಂಗಿಸುವ ಉದ್ದೇಶ ನನಗಿಲ್ಲ. ಆದರೆ ನಂಟು ಬೆಳೆಸುವ ಮೊದಲು ಅದು ಏನು, ಯಾರ ಕೈ ದಾಟಿ ಬಂತು ಅಂತ ತಿಳಿಯಬೇಕಲ್ಲ?

ಈ ಕಲ್ಲುಗಳೆಲ್ಲ ಮೂಲತಃ ಒಂದೇ. ನಮ್ಮೂರಿನ ಹೊಲದ ಬದುಗಳಲ್ಲಿ ಬಿದ್ದಿರುವ ಬೆಣಚುಕಲ್ಲು, ಅಂದರೆ ಸಿಲಿಕಾನ್ ಮತ್ತು ಆಮ್ಲಜನಕ ಸೇರಿ ಆದ ಖನಿಜ. ಕತ್ತಲಲ್ಲಿ ಎರಡು ಬೆಣಚುಕಲ್ಲು ಉಜ್ಜಿ ಬೆಳಕು ನೋಡಿದವರು ನಮ್ಮಲ್ಲಿ ಬಹಳ ಜನ ಇದ್ದಾರೆ. ಬಣ್ಣದ ವ್ಯತ್ಯಾಸಕ್ಕೆ ಕಾರಣ ಒಳಗೆ ಸೇರಿಕೊಂಡ ಚೂರುಪಾರು. ಸ್ವಲ್ಪ ಕಬ್ಬಿಣ ಮತ್ತು ನೆಲದೊಳಗಿನ ಸಹಜ ವಿಕಿರಣ ಸೇರಿದರೆ ನೇರಳೆಯ ಅಮೆಥಿಸ್ಟ್. ಕಬ್ಬಿಣದ ಬದಲು ಅಲ್ಯೂಮಿನಿಯಂ ಇದ್ದರೆ ಹೊಗೆಬಣ್ಣದ ಸ್ಮೋಕಿ ಕ್ವಾರ್ಟ್ಜ್. ರೋಸ್ ಕ್ವಾರ್ಟ್ಜ್‌ನ ಗುಲಾಬಿ ಬಣ್ಣ ಹೆಚ್ಚಾಗಿ ಬರುವುದು ಬೇರೊಂದು ಖನಿಜದ ಅತಿಸೂಕ್ಷ್ಮ ಎಳೆಗಳಿಂದ. ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳು ಪದರ ಪದರವಾಗಿ ಕೂತರೆ ಪಟ್ಟೆಪಟ್ಟೆಯ ಅಗೇಟ್. ಇನ್ನು ದುಡ್ಡು ತರುತ್ತದೆ ಅನ್ನುವ ಸಿಟ್ರಿನ್? ಮಾರುಕಟ್ಟೆಯಲ್ಲಿ ಸಿಗುವ ಬಹುಪಾಲು ಸಿಟ್ರಿನ್, ಕುಲುಮೆಯಲ್ಲಿ ಕಾಯಿಸಿ ಹಳದಿ ಮಾಡಿದ ಅಮೆಥಿಸ್ಟ್. ನಿದ್ದೆಯ ಕಲ್ಲು ಒಲೆ ಹತ್ತಿ ಇಳಿದರೆ ದುಡ್ಡಿನ ಕಲ್ಲಾಗುತ್ತದೆ!

ಗುರುತಿಸುವುದು ಕಷ್ಟವಲ್ಲ. ಗಡಸುತನದ ಮೋಸ್ ಮಾಪಕದಲ್ಲಿ ಕ್ವಾರ್ಟ್ಜ್‌ಗೆ 7, ಸಾಮಾನ್ಯ ಗಾಜಿಗೆ ಸುಮಾರು 5.5. ಹಾಗಾಗಿ ಬೇಡದ ಬಾಟಲಿಯ ಮೇಲೆ ಕಲ್ಲಿನ ಚೂಪು ಅಂಚನ್ನು ಗೀರಿದರೆ ಗಾಜಿನ ಮೇಲೆ ಗೆರೆ ಬೀಳಬೇಕು. ಸಹಜ ಹರಳಿಗೆ ಆರು ಮುಖ, ಆ ಮುಖಗಳ ಮೇಲೆ ಅಡ್ಡಗೆರೆಗಳು. ಒಡೆದರೆ ಸಪಾಟಾಗಿ ಸೀಳದೆ ಚಿಪ್ಪಿನಂತೆ ಬಾಗಿದ ಮೈ ಕಾಣುತ್ತದೆ. ಒಳಗೆ ಗುಂಡಗಿನ ಗಾಳಿಗುಳ್ಳೆ ಕಂಡರೆ ಅದು ಗಾಜು ಅಂತಲೇ ಲೆಕ್ಕ.

‘ಆದರೆ ಕ್ವಾರ್ಟ್ಜ್ ಕಂಪಿಸುತ್ತದೆ, ಅದು ವಿಜ್ಞಾನವೇ’ ಅನ್ನುವ ವಾದವೂ ಇದೆ. ಎಲೆಕ್ಟ್ರಾನಿಕ್ಸ್ ಓದಿ ಪತ್ರಿಕೋದ್ಯಮಕ್ಕೆ ಬಂದ ನನಗೆ ಇದು ಪರಿಚಿತ ವಿಷಯ. ಒತ್ತಿದರೆ ವಿದ್ಯುದಂಶ ಹುಟ್ಟಿಸುವ ಹರಳುಗಳ ಗುಣವನ್ನು ಜಾಕ್ ಮತ್ತು ಪಿಯರ್ ಕ್ಯೂರಿ ಸೋದರರು 1880ರಲ್ಲಿ ಕಂಡುಹಿಡಿದರು. ವಿದ್ಯುತ್ ಕೊಟ್ಟರೆ ಹರಳು ಕಂಪಿಸುತ್ತದೆ ಕೂಡ. ಕೈಗಡಿಯಾರದ ಕ್ವಾರ್ಟ್ಜ್ ಸೆಕೆಂಡಿಗೆ 32,768 ಸಲ ಕಂಪಿಸುವುದರಿಂದಲೇ ಟೈಮ್ ಸರಿ ತೋರಿಸುತ್ತದೆ. ಆದರೆ ಅದಕ್ಕೆ ನಿಖರವಾಗಿ ಕತ್ತರಿಸಿದ ಹರಳು, ಸರ್ಕ್ಯೂಟ್, ಬ್ಯಾಟರಿ ಎಲ್ಲ ಬೇಕು. ಜೇಬಿನಲ್ಲಿರುವ ಕಲ್ಲಿಗೆ ಅದ್ಯಾವುದೂ ಇಲ್ಲ. 2001ರಲ್ಲಿ ಲಂಡನ್ನಿನ ಗೋಲ್ಡ್‌ಸ್ಮಿತ್ಸ್ ಕಾಲೇಜಿನ ಮನಶ್ಶಾಸ್ತ್ರಜ್ಞ ಕ್ರಿಸ್ಟೋಫರ್ ಫ್ರೆಂಚ್ 80 ಜನರ ಮೇಲೆ ನಡೆಸಿದ ಪ್ರಯೋಗ ಮಂಡಿಸಿದರು. ಅಸಲಿ ಕಲ್ಲು ಹಿಡಿದವರಿಗೆ ಆದ ಅನುಭವವೇ ನಕಲಿ ಹಿಡಿದವರಿಗೂ ಆಗಿತ್ತು. ಸುಮ್ಮನೆ ಕೂತಿದ್ದಕ್ಕೆ ಮನಸ್ಸು ಹಗುರಾಗಿದ್ದರೆ ಒಳ್ಳೆಯದೇ, ಅದಕ್ಕೆ ಕಲ್ಲಿನ ಬಿಲ್ ಕಟ್ಟಬೇಕಿಲ್ಲ. ಅಷ್ಟೇ ಅಲ್ಲ, ಪವಾಡಶಕ್ತಿಯಿಂದ ಕಾಯಿಲೆ ವಾಸಿಯಾಗುತ್ತದೆ ಎಂದು ತಾಯತದಂಥ ವಸ್ತುಗಳ ಜಾಹೀರಾತು ಕೊಡುವುದನ್ನು 1954ರ ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆ ನಿಷೇಧಿಸಿದೆ.

ಹಾಗಾದರೆ ನಿಜವಾದ ನಂಟು ಎಲ್ಲಿದೆ? ಗುಜರಾತಿನ ಖಂಭಾತ್‌ನಲ್ಲಿ ಅಗೇಟ್ ಮಣಿಗಳನ್ನು ತಯಾರಿಸುತ್ತಾರೆ. ಹರಪ್ಪ ಕಾಲದ ಮಣಿಗಾರರ ಕೆಲಸ ಅರಿಯಲು ಪುರಾತತ್ವಜ್ಞರೂ ಇಲ್ಲಿಗೆ ಬಂದು ಕೂತಿದ್ದುಂಟು. ಅಲ್ಲಿ ಅನೇಕರು ಮನೆಯಲ್ಲೇ ತಿರುಗುವ ಚಕ್ರಕ್ಕೆ ಕಲ್ಲು ಹಿಡಿದು ಉಜ್ಜುತ್ತಾರೆ. ಹೊಳಪು ಬಂದ ಕಲ್ಲನ್ನು ಮುಟ್ಟಿದರೆ ಏನೂ ಆಗುವುದಿಲ್ಲ, ಉಜ್ಜುವಾಗ ಏಳುವ ನವಿರು ಧೂಳು ಮಾತ್ರ ಕೊಲ್ಲುತ್ತದೆ. ಅದು ಶ್ವಾಸಕೋಶದ ಆಳಕ್ಕೆ ಇಳಿದು ಅಂಗಾಂಶವನ್ನು ಗಾಯದ ಕಲೆಯಂತೆ ಗಟ್ಟಿ ಮಾಡುತ್ತದೆ. ಇದೇ ಸಿಲಿಕೋಸಿಸ್. ಗುಣಪಡಿಸುವ ಮದ್ದಿಲ್ಲ. ಎಷ್ಟೋ ಸಲ ಟಿಬಿ ಅಂತ ತಪ್ಪಾಗಿ ತಿಳಿದು ಮಾತ್ರೆ ಕೊಡುತ್ತಾರೆ, ಈ ರೋಗ ಇದ್ದವರಿಗೆ ಟಿಬಿ ತಗಲುವ ಅಪಾಯವೂ ಹೆಚ್ಚು. ಈ ಧೂಳು ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲೇ ಹೇಳಿದೆ. ಮನೆಯೇ ಕಾರ್ಖಾನೆಯಾದಾಗ ಅದೇ ಗಾಳಿಯನ್ನು ಮಕ್ಕಳೂ ಉಸಿರಾಡುತ್ತಾರೆ.

1948ರ ಕಾರ್ಖಾನೆ ಕಾಯ್ದೆ ಸಿಲಿಕೋಸಿಸ್ ಅನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಗೆ ಸೇರಿಸಿತ್ತು. ಆದರೆ ತುಂಡಿನ ಲೆಕ್ಕದಲ್ಲಿ ಮನೆಯಲ್ಲೇ ದುಡಿಯುವವರು ಕಾರ್ಖಾನೆ ಅನ್ನುವ ವ್ಯಾಖ್ಯಾನಕ್ಕೆ ಸಿಗುವುದಿಲ್ಲ. ಕಾಗದದ ಮೇಲೆ ಮಾಲೀಕನೇ ಇಲ್ಲದಿದ್ದರೆ ಪರಿಹಾರ ಯಾರನ್ನು ಕೇಳುವುದು?

ಇದು ನಮಗೆ ದೂರದ ಕತೆಯೇನಲ್ಲ. ಕೆಜಿಎಫ್‌ನ ಚಿನ್ನ ಇದ್ದದ್ದು ಬೆಣಚುಕಲ್ಲಿನ ಪದರಗಳಲ್ಲಿ. ಅದನ್ನು ಕೊರೆದ ಕಾರ್ಮಿಕರಲ್ಲಿ 1940ರ ದಶಕದಲ್ಲೇ ಸಿಲಿಕೋಸಿಸ್ ದಾಖಲಾಗಿತ್ತು. ಜಲ್ಲಿ ಕ್ರಷರ್, ಗ್ರಾನೈಟ್ ಕಟಿಂಗ್ ಇರುವ ಕಡೆಯೆಲ್ಲ ಅದೇ ಧೂಳು ಇವತ್ತೂ ಏಳುತ್ತದೆ. ತಡೆಯುವ ದಾರಿಯೂ ಗೊತ್ತಿರುವುದೇ: ನೀರು ಹಾಯಿಸುತ್ತಾ ಉಜ್ಜುವುದು, ಧೂಳನ್ನು ಹುಟ್ಟಿದಲ್ಲೇ ಎಳೆದುಕೊಳ್ಳುವ ಯಂತ್ರ. ಮೂಗಿಗೆ ಟವೆಲ್ ಕಟ್ಟಿದರೆ ಈ ಧೂಳು ನಿಲ್ಲುವುದಿಲ್ಲ. ರಾಜಸ್ಥಾನ 2019ರಲ್ಲಿ ಇದಕ್ಕಾಗಿಯೇ ನೀತಿ ತಂದು, ರೋಗ ದೃಢಪಟ್ಟವರಿಗೆ 3 ಲಕ್ಷ, ಸತ್ತರೆ ಕುಟುಂಬಕ್ಕೆ 2 ಲಕ್ಷ ರೂಪಾಯಿ ಘೋಷಿಸಿತು. ಹೋದ ಉಸಿರನ್ನು ದುಡ್ಡು ಮರಳಿಸುವುದಿಲ್ಲ, ನಿಜ. ಆದರೆ ಈ ರೋಗಿಗಳು ಇದ್ದಾರೆ ಅಂತ ಸರ್ಕಾರ ಒಪ್ಪಿಕೊಳ್ಳುವುದು ಮೊದಲ ಹೆಜ್ಜೆ.

ಮುಂದಿನ ಸಲ ಕಲ್ಲು ಕೊಳ್ಳುವಾಗ ಇದು ಗಾಜಾ, ಕ್ವಾರ್ಟ್ಜಾ ಅಂತ ಕೇಳಿ. ಅದರ ಜೊತೆಗೇ ಇದನ್ನು ಎಲ್ಲಿ, ಯಾರು ಉಜ್ಜಿದರು ಅಂತಲೂ ಕೇಳಿ. ಅಂಗಡಿಯವರಿಗೆ ಗೊತ್ತಿಲ್ಲದಿದ್ದರೆ ಅಲ್ಲಿಗೆ ಬಿಡಬೇಡಿ. ನಿಮ್ಮ ಜಿಲ್ಲೆಯ ಕ್ರಷರ್ ಕಾರ್ಮಿಕರಲ್ಲಿ ಎಷ್ಟು ಜನರ ಎದೆಯ ಎಕ್ಸ್‌ರೇ ತೆಗೆಸಿದ್ದೀರಿ ಅಂತ ಕಾರ್ಮಿಕ ಇಲಾಖೆಗೆ ಒಂದು ಆರ್‌ಟಿಐ ಅರ್ಜಿ ಹಾಕಿ. ಅರ್ಜಿಗೆ ಬೇಕಾಗುವುದು ಹತ್ತು ರೂಪಾಯಿ.